ಮೊಣಕಾಲು ಮಟ್ಟದ ಹುಲ್ಲು

"ಕ್ಯಾಮೆರಾದಿಂದ ಮುಖ ಸರಿಸಬೇಡಿ."

ಕುಮುದಿನಿಬಾಯಿ ಕುರ್ಚಿಯನ್ನು ಮತ್ತೆ ಮೇಜಿನತ್ತ ಎಳೆದುಕೊಂಡರು. ನೀರಿನ ತಂಬಿಗೆಗೆ ಒರಗಿಸಿದ್ದ ಮೊಬೈಲಿನೊಳಗಿಂದ ಖಾಕಿ ತೊಟ್ಟ ಮನುಷ್ಯನೊಬ್ಬ ನಿನ್ನೆ ಮುಂಜಾನೆಯಿಂದ ಅವರನ್ನು ಕಾವಲು ಕಾಯುತ್ತಿದ್ದ. ಅವರ ಹೆಸರಿನ ಪಾರ್ಸಲಿನಲ್ಲಿ ಮಾದಕ ವಸ್ತು ಸಿಕ್ಕಿದೆಯಂತೆ. ಅವರು ಮನೆಯೊಳಗೇ ಬಂಧನದಲ್ಲಿದ್ದಾರಂತೆ. ಬ್ಯಾಂಕಿನಲ್ಲಿರುವ ಹಣವನ್ನೆಲ್ಲ ತಪಾಸಣೆಗೆಂದು ಸರಕಾರದ ಖಾತೆಗೆ ಕಳಿಸಬೇಕಂತೆ. ಕರೆ ತುಂಡಾದರೆ, ನೆಹರು ನಗರದ ದವಾಖಾನೆಯಲ್ಲಿ ವೈದ್ಯೆಯಾಗಿರುವ ತಮ್ಮನ ಮಗಳು ತನ್ಮಯಿಗೆ ರೋಗಿಗಳ ಎದುರಿನಲ್ಲೇ ಬೇಡಿ. ತನ್ಮಯಿ ಯಾವ ವಾರ್ಡಿನಲ್ಲಿದ್ದಾಳೆ ಎಂಬುದೂ ಅವನಿಗೆ ಗೊತ್ತಿತ್ತು.

ಕುಮುದಿನಿಬಾಯಿ ನಿವೃತ್ತ ಗಣಿತ ಶಿಕ್ಷಕಿ. ಅವನ ಮಾತಿನಲ್ಲಿ ಲೆಕ್ಕ ತಾಳೆಯಾಗದ್ದನ್ನು ಅವರು ನಿನ್ನೆಯೇ ಗುರುತಿಸಿದ್ದರು. ಆದರೆ ಅನುಮಾನ ಪುರಾವೆಯಲ್ಲ. ತಾಳೆ ನೋಡುವ ಸಲುವಾಗಿ ತನ್ಮಯಿಯನ್ನು ಪಣಕ್ಕಿಡುವ ಧೈರ್ಯ ಅವರಿಗಿರಲಿಲ್ಲ.

ಅಂಗಳ ತೊಳೆಯಲು ಬಂದ ಭೀಮಕ್ಕನನ್ನು ಬಾಗಿಲು ತೆರೆಯದೆಯೇ ಹಿಂದಕ್ಕೆ ಕಳಿಸಿದ್ದಾಗಿತ್ತು. ಕಿಟಕಿಯ ಸಂದಿನಿಂದ ಹೊರಗಿನ ಬಿಸಿಲು ಪುಟಿದು ಬಂದು ಕಣ್ಣಿಗೆ ಕುಕ್ಕುತ್ತಿತ್ತು.

ಕೈಗೆಟಕುವ ಮೂಲೆಯಲ್ಲಿದ್ದ ಹಳೆಯ ಲ್ಯಾಂಡ್‌ಲೈನ್ ಫೋನು ರಿಂಗಣಿಸತೊಡಗಿತು.

"ಯಾರದು?"

"ತನ್ಮಯಿ ಅಣ್ಣ, ಮಯೂರ ಇರಬೇಕ್ರಿ. ಖಾನಾಪುರದಾಗ ಹೊಲದ ಮಶೀನಿನ ಅಂಗಡಿ ಐತಿ ಅವಂದು. ದಿನಾ ಫೋನ್ ಮಾಡ್ತಾನ. ಎತ್ತಲಿಲ್ಲಂದ್ರ ಗಾಡಿ ತಗೊಂಡ ಬಂದ ಬಿಡ್ತಾನ."

ಖಾಕಿಯವನು ಯೋಚಿಸಿದ. "ಎತ್ತಿ. ಸ್ಪೀಕರ್ ಹಾಕಿ. ಮರಾಠಿಯಲ್ಲಿ ಗುಟ್ಟು ಹೇಳಲು ನೋಡಬೇಡಿ, ಅದೂ ನನಗೆ ತಿಳಿಯುತ್ತದೆ. ಮನೆಯ ಮಾತು ಏನಾದರೂ ಆಡಿ ಮುಗಿಸಿ. ನನ್ನ ಸುದ್ದಿ ಬಂದರೆ ತನ್ಮಯಿಯ ಗತಿ ನೆನಪಿರಲಿ."

"ಆತ್ಯಾ, ಉಂಡ್ರಿ?" ಸೋದರತ್ತೆಯನ್ನು ಕೇಳಿದ ಮಯೂರ.

"ಉಂಡೆ." "ಮಯೂರ, ನಿನ್ನ ಅಂಗಡ್ಯಾಗ ಹುಲ್ಲ ಕತ್ತರಿಸೋ ಮಶೀನ ಅದಾವಲ್ಲಾ, ಮನಿಗೆ ಒಂದ ಛಲೋದ್ದು ಬೇಕಾಗೇದ ನೋಡು."

ಮಯೂರ ಎದ್ದು ಹೊರಗೆ ನಡೆದಂತೆ ಗಿರಾಕಿಗಳ ಗದ್ದಲ ದೂರವಾಯಿತು.

"ಭಾಳ ಬೆಳದೈತೇನ್ರಿ?"

"ಮೊಣಕಾಲ ಮಟಾ. ಹೊರಗ ಕಾಲ ಇಡೂ ಹಂಗಿಲ್ಲ."

"ಹಂಗ ಹೇಳ್ರಿ ಮತ್ತ!" ವ್ಯಾಪಾರಿಯ ನಾಲಗೆ ಸಡಿಲವಾಯಿತು. "ಬ್ಯಾಟರೀದು ಸಪ್ಪಳಾ ಮಾಡೂದಿಲ್ಲ, ಖರೇ. ಆದ್ರ ಹಸಿ ಹುಲ್ಲಿನಾಗ ನಡುವ ಕೈ ಕೊಡತೈತಿ. ಕರೆಂಟಿಂದು ತಗೊಂಡ್ರ ವಾಯರ್ ಎಳಕೊಂತ ತಿರಗಬೇಕು. ಸಿಟ್ಟ ಬಂದ್ರ ನೀವ ವಾಯರೂ ಕತ್ತರಿಸಿ ಒಗಿಯೂ ಪೈಕಿ. ಇನ್ನ ಕೈಲೆ ದಬ್ಬೂದು ಅಂದ್ರ..."

"ನನ್ನ ಮೊಣಕಾಲ ನೋಡಿ ಮಾತಾಡು, ಶ್ಯಾಣ್ಯಾ."

"ಹಂಗಾರ ಪೆಟ್ರೋಲಿಂದ. ಎತ್ತರದ ಹುಲ್ಲಿಗೆ ಅದ ಗಟ್ಟಿ. ಒಂದ ಮಾತ ಕೇಳ್ತೀನಿ, ಹುಲ್ಲಿನಾಗ ಕಲ್ಲ-ಗಿಲ್ಲ ಅದಾವೇನ್ರಿ? ಬ್ಲೇಡ್ ಹಾಳಾಗ್ತೈತಿ."

"ಒಂದ ಸಣ್ಣ ಹರಳ ಸೈತ ಇಲ್ಲ."

"ಖರೇ?"

"ಎಂದರ ಸುಳ್ಳ ಹೇಳೇನೇನು ನಿನಗ?"

ಮೊಬೈಲಿನೊಳಗೆ ಒಂದು ಬಿಳಿ ಹಾಳೆ ಎದ್ದು ನಿಂತಿತು. ಖಾಕಿಯವನು ದಪ್ಪಕ್ಷರಗಳಲ್ಲಿ ಬರೆದಿದ್ದ: ಪೆಟ್ರೋಲ್. ಮುಗಿಸಿ.

"ಪೆಟ್ರೋಲಿಂದ ಇರ್ಲಿ," ಎಂದರು ಕುಮುದಿನಿಬಾಯಿ. "ಆದ್ರ ನಂಬಿಗಸ್ತ ಇರಬೇಕಪಾ. ನಡುವ ಬಂದ್ ಬಿದ್ರ ನಾ ಒಬ್ಬಾಕಿ ಏನ ಮಾಡ್ಲಿ?"

"ನಾನ ತಗೊಂಡ ಬರ್ತೀನಿ, ಆತ್ಯಾ. ಈಗ ಹೊಂಟೆ."

ಫೋನು ಇಟ್ಟ ಸದ್ದಾಯಿತು. ಖಾಕಿಯವನ ಕಣ್ಣು ಕಿರಿದಾಯಿತು.

"ಇವತ್ತೇ ಏಕೆ ಬರುತ್ತಿದ್ದಾನೆ? ಎಲ್ಲಿ, ನಿಮ್ಮ ಅಂಗಳ ತೋರಿಸಿ."

ಕುಮುದಿನಿಬಾಯಿ ನೆಟ್ಟಗೆ ಕೂತರು. ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದರು.

"ಕುರ್ಚಿ ಬಿಟ್ಟ ಏಳಬ್ಯಾಡ, ಬಾಗಲಾ ತಗೀಬ್ಯಾಡ ಅಂದವರು ನೀವ. ಈಗ ಅಂಗಳಾ ತೋರ್ಸು ಅಂತೀರಿ. ಯಾವ ಮಾತ ಕೇಳ್ಲಿ?"

ಖಾಕಿಯವನು ಗಡಿಯಾರ ನೋಡಿದ. "ಕೂತಿರಿ. ಅವನು ಬರುವುದರೊಳಗೆ ಹಣ ಹೋಗಬೇಕು."

ಲ್ಯಾಪ್‌ಟಾಪ್ ತೆರೆಯಿತು. ಕನ್ನಡಕ ಮಸುಕಾಯಿತು, ಒರೆಸಿದರು. ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿತು, ತಿದ್ದಿದರು. ಇನ್ನೊಂದು ತಪ್ಪಿತು. ತಲೆಮಾರುಗಳ ಮಕ್ಕಳ ಅಂಕಿ ತಿದ್ದಿದ ಬೆರಳುಗಳು ಈಗ ಮಗ್ಗಿ ಬಾರದ ಹುಡುಗನ ಬೆರಳುಗಳಂತೆ ತಡವರಿಸಿದವು. ಪಾಸ್‌ವರ್ಡ್ ನೆನಪಾಗಲಿಲ್ಲ. ಹೊಸದು ಮಾಡಿಕೊಳ್ಳಬೇಕಾಯಿತು. ಅದಕ್ಕೂ ಸಮಯ ಹಿಡಿಯಿತು.

"ನಾಟಕ ಸಾಕು!" ಖಾಕಿಯವನು ಇನ್ನೊಂದು ಫೋನನ್ನು ಕಿವಿಗೆ ಹಿಡಿದ. "ದವಾಖಾನೆಗೆ ನಮ್ಮವರು ಹೊರಡಲಿಯೇ? ಹೇಳಿ, ಹೊರಡಲಿಯೇ?"

"ಬ್ಯಾಡ್ರಿ. ಕಳಸ್ತೀನಿ."

ಎಲ್ಲವೂ ತುಂಬಿತ್ತು. ಕೊನೆಯ ಗುಂಡಿಯೊಂದು ಉಳಿದಿತ್ತು. ಕುಮುದಿನಿಬಾಯಿ ಅದರ ಮೇಲೆ ಬೆರಳಿಟ್ಟರು. ತಪ್ಪು ಮಾಡಲು ಇನ್ನಾವ ಅಂಕಿಯೂ ಉಳಿದಿರಲಿಲ್ಲ.

ಹೊರಗೆ ಗೇಟು ಕಿರುಗುಟ್ಟಿತು.

"ಆತ್ಯಾ, ಮಶೀನ ತಂದೇನ್ರಿ! ಹಾದ್ಯಾಗ ತನ್ಮಯಿನೂ ದವಾಖಾನಿಯಿಂದ ಕರಕೊಂಡ ಬಂದೇನಿ. ಚಹಾ ಇಡ್ರಿ!"

"ಆತ್ಯಾ, ನಾನೂ ಬಂದೇನಿ," ಎಂಬ ತನ್ಮಯಿಯ ದನಿ.

ಬೆರಳು ಗುಂಡಿಯಿಂದ ಮೇಲೆದ್ದಿತು. ಕುಮುದಿನಿಬಾಯಿ ಅಪ್ಪಣೆ ಕೇಳದೆ ಕುರ್ಚಿ ಬಿಟ್ಟು ಎದ್ದರು, ಅಗಳಿ ತೆಗೆದರು. ಮಯೂರ ಬರಿಗೈಯಲ್ಲಿ ನಿಂತಿದ್ದ. ಅವನ ಪಕ್ಕದಲ್ಲಿ ಬಿಳಿ ಕೋಟಿನ ತನ್ಮಯಿ. ಹಿಂದೆ ಇಬ್ಬರು ಮಹಿಳಾ ಪೊಲೀಸರು. ನಿಜವಾದ ಖಾಕಿ ಒಳಗೆ ಬರುತ್ತಲೇ ಮೊಬೈಲಿನೊಳಗಿನ ಖಾಕಿ ಕಪ್ಪಾಗಿ ಹೋಯಿತು.

ತನ್ಮಯಿ ಆತ್ಯಾಳನ್ನು ಅಪ್ಪಿ ಹಿಡಿದಳು. ಪೊಲೀಸರಲ್ಲಿ ಹಿರಿಯಳು ಲ್ಯಾಪ್‌ಟಾಪನ್ನು ನೋಡಿ ನಿಟ್ಟುಸಿರಿಟ್ಟು ಮಯೂರನತ್ತ ತಿರುಗಿದಳು.

"ಇನ್ನೊಂದ ಚೂರ ತಡಾ ಆಗಿದ್ರ ಎಲ್ಲಾ ಹೋಗ್ತಿತ್ತು. ಫೋನ್‌ನ್ಯಾಗ ಏನಂದ್ರಿ ಇವರು? ಸಿಕ್ಕೊಂಡೇನಿ ಅಂದ್ರೇನು?"

"ಇಲ್ರಿ. ಹುಲ್ಲ ಬೆಳದೈತಿ ಅಂದ್ರು."

ಆಕೆ ತೆರೆದ ಬಾಗಿಲಿನಿಂದ ಹೊರಗೆ ನೋಡಿದಳು.

ಗೇಟಿನಿಂದ ಹೊಸ್ತಿಲಿನವರೆಗೆ, ಗೋಡೆಯಿಂದ ಗೋಡೆಗೆ, ಶಹಾಬಾದಿ ಕಲ್ಲಿನ ಫರಸಿ. ಆ ಅಂಗಳದಲ್ಲಿ ಹುಲ್ಲಿನ ಒಂದು ಎಸಳೂ ಇರಲಿಲ್ಲ.