ಎದುರಿನ ಸೀಟು

ಬಾಳವ್ವ ರೊಟ್ಟಿಯ ಗಂಟು ಬಿಚ್ಚಿದಳು, ಆದರೆ ತುತ್ತು ಮುರಿಯಲು ಕೈ ಏಳಲಿಲ್ಲ. ಎದುರಿಗೆ ಕುಳಿತವರನ್ನು ಕರೆಯದೆ ಉಣ್ಣುವ ರೂಢಿ ಬೆಲ್ಲದ ಬಾಗೇವಾಡಿಯ ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಎದುರಿಗೆ ಕುಳಿತವಳು ನೆಗೆಣ್ಣಿ ಶೋಭಾ, ಮೈದುನನ ಹೆಂಡತಿ. ಮನೆ ಪಾಲಾದಾಗಿನಿಂದ ಆರು ವರ್ಷ ಇಬ್ಬರಿಗೂ ಮಾತಿಲ್ಲ. ಘಟಪ್ರಭಾದಲ್ಲಿ ರೈಲು ಹತ್ತಿದವಳು ಕಿಟಕಿಯತ್ತ ತಿರುಗಿಸಿದ ಮುಖವನ್ನು ಇತ್ತ ತಂದಿರಲಿಲ್ಲ. ದಿಲ್ಲಿ ಇನ್ನೂ ಒಂದೂವರೆ ದಿನದ ದಾರಿ.

ಕೊನೆಗೆ ಬಾಳವ್ವ ಗುರುತಿಲ್ಲದವರನ್ನು ಕರೆದಂತೆ ಕರೆದಳು: "ಬರ್ರಿ, ಊಟಾ ಮಾಡೂಣ್ರಿ."

ಶೋಭಾ ತಿರುಗಿದಳು. ರೊಟ್ಟಿಯನ್ನು ನೋಡಿದಳು, ಬಾಳವ್ವನನ್ನು ನೋಡಿದಳು. "ಯಾವ ಊರ್ರಿ ನಿಮ್ದು?"

"ಹುಕ್ಕೇರಿ ಕಡೇರ್ರಿ." ಬಾಳವ್ವ ರೊಟ್ಟಿಯ ಗಂಟನ್ನು ಅವಳತ್ತ ಸರಿಸಿದಳು.

ಶೋಭಾ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು.

"ನೀ ಇನ್ನೂ ಚಟ್ನಿಗಿ ಉಪ್ಪ ಕಡಿಮಿನ ಹಾಕ್ತಿಯಲ್ಲ, ಅಕ್ಕಾ."