ಅಡ್ಡವಿಲ್ಲದ ಆಕಾಶ

"ಏನೂ ಅಡ್ಡ ಇಲ್ಲ ಅಕ್ಕಾ. ಇಂಥ ಆಕಾಶ ನೂರಕ್ಕೊಂದು ಮನೆಗೆ ಸಿಗುತ್ತೆ" ಎಂದ ಇಂಟರ್ನೆಟ್ ಡಿಶ್ ಕೂರಿಸಲು ಬಂದವನು. ತಾರಸಿಯ ನಡುವೆ ನಿಂತು, ಫೋನನ್ನು ಮೇಲಕ್ಕೆ ಹಿಡಿದು, ನಿಧಾನವಾಗಿ ಒಂದು ಸುತ್ತು ತಿರುಗಿದ. ಫೋನಿನ ತೆರೆಯಲ್ಲಿ ಆ ಮನೆಯ ಪಾಲಿನ ಆಕಾಶವೆಲ್ಲ ನೀಲಿಯಾಗಿತ್ತು. ಮರವೋ ಗೋಡೆಯೋ ಅಡ್ಡ ಬಂದರೆ ಅಲ್ಲಿ ಕೆಂಪು ಕಾಣುತ್ತದಂತೆ. ಟೈಲರಕ್ಕ ಜಗಲಿಯ ಹೊಲಿಗೆ ಮಿಷನ್ನು ಬಿಟ್ಟು, ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನನ್ನೂ ತೆಗೆಯದೆ ಏಣಿ ಹತ್ತಿ ಬಂದಿದ್ದಳು. ಉಗುರಿನಷ್ಟಾದರೂ ಕೆಂಪು ಕಂಡೀತೇ ಎಂದು ಅವನ ಹೆಗಲ ಮೇಲಿಂದ ಇಣುಕಿದಳು. ಇಲ್ಲ.

ಕೆಳಗೆ ಅಂಗಳದಲ್ಲಿ ಅವಳ ತಮ್ಮ ಡಿಶ್ಶಿಗೆಂದು ಮರದ ಪೀಠ ಮಾಡಿ, ಅದಕ್ಕೆ ಎರಡನೇ ಸಲ ಪಾಲಿಶ್ ಹೊಡೆಯುತ್ತಿದ್ದ. ಬಡಗಿ ತಾನೇ, ಕೈ ಸುಮ್ಮನಿರುವುದಿಲ್ಲ. "ಇನ್ಮೇಲೆ ಕುರ್ಚಿ ಬಿಟ್ಟು ಏಳದೆ ನಿನಗೆ ಹೊಲಿಗೆ ಕೊಡೋ ಪಟ್ಟಣದ ಅಂಗಡಿಗೆ ಫೋನ್ ಮಾಡು ಅಕ್ಕಾ. ಗುಡ್ಡ ಹತ್ತಿ ಹತ್ತಿ ನಿನ್ನ ಮಂಡಿ ಹಾಳಾಗಿದ್ದು ಸಾಕು" ಎಂದು ಕೂಗಿದ. ಸಿಗ್ನಲ್ ಇಲ್ಲದ ಮನೆಗಳಿಗೆ ಉಪಗ್ರಹದ ಇಂಟರ್ನೆಟ್ ಕೊಡುತ್ತಾರೆಂದು ತಿಳಿದು, ಎರಡು ವರ್ಷ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ್ದ. ಅವನ ಮುಖ ನೋಡಿದರೆ ಬೇಡ ಎನ್ನಲು ಯಾರಿಗೂ ನಾಲಿಗೆ ಏಳದು.

ಆ ಕಡೆಯಲ್ಲೆಲ್ಲ ಫೋನಿಗೆ ಜೀವ ಬರುವುದು ಗುಡ್ಡದ ನೆತ್ತಿಯ ಬಂಡೆಯ ಮೇಲೆ ಮಾತ್ರ, ಅದೂ ಎರಡು ಪಾದ ಊರುವಷ್ಟು ಜಾಗದಲ್ಲಿ. ಅಲ್ಲೊಂದು ಕಟ್ಟಳೆಯಿದೆ. ಒಬ್ಬರು ಮಾತಾಡುವಾಗ ಸರದಿಗೆ ಕಾಯುವವರು ಬೆನ್ನು ತಿರುಗಿಸಿ ನಿಲ್ಲಬೇಕು. ಬೆನ್ನು ತಿರುಗಿಸಿದರೆ ಕಿವಿ ಮುಚ್ಚಿಕೊಂಡ ಹಾಗೆ ಎಂದು ಎಲ್ಲರೂ ಒಪ್ಪಿದ್ದಾರೆ, ಕಿವಿಯೊಂದನ್ನು ಬಿಟ್ಟು.

ಸಂಜೆ ಐದಕ್ಕೆ ಅಲ್ಲಿಗೆ ಬರುವವರು ಇಬ್ಬರೇ. ಟೈಲರಕ್ಕ, ಮತ್ತು ಗುಡ್ಡದಾಚೆ ಜೇನು ಸಾಕಿಕೊಂಡು ಒಬ್ಬನೇ ಇರುವ ಮನುಷ್ಯ. ಮೂರು ವರ್ಷದಿಂದ ಅವಳು ಅವನ ಮುಖ ನೋಡಿದ್ದಕ್ಕಿಂತ ದನಿ ಕೇಳಿದ್ದೇ ಹೆಚ್ಚು. ಗಾಳಿ ಅವನ ಮಾತನ್ನು ಅರ್ಧ ತಂದುಕೊಡುತ್ತಿತ್ತು, ಮಿಕ್ಕರ್ಧವನ್ನು ಅವಳೇ ಹೊಲಿದುಕೊಳ್ಳುತ್ತಿದ್ದಳು. ಯಾವ ಪೆಟ್ಟಿಗೆಯ ರಾಣಿಜೇನು ಸತ್ತಿತು, ಯಾವ ಹಿಂಡು ಹಾರಿಹೋಯಿತು, ಎಲ್ಲ ಅವಳಿಗೆ ಗೊತ್ತು. ಒಮ್ಮೆ ಅವನು ಬೆನ್ನು ತಿರುಗಿಸಿಕೊಂಡೇ "ಆ ಹಠಮಾರಿ ಕಾಲರು ಸರಿಯಾಗಿ ಕೂತ್ಕೊಂಡ್ತಾ?" ಎಂದು ಕೇಳಿಬಿಟ್ಟಿದ್ದ. ಹಿಂದಿನ ದಿನ ಅವಳು ಅಂಗಡಿಯವರಿಗೆ ಹೇಳಿದ್ದ ಮಾತದು. ಅವತ್ತು ಇಳಿಯುವ ದಾರಿಯುದ್ದಕ್ಕೂ ಅವಳ ಕಾಲಿಗೆ ನೆಲ ತಾಗಲೇ ಇಲ್ಲ.

ಅಷ್ಟೇ, ಅದಕ್ಕಿಂತ ಮುಂದೆ ಒಂದು ಮಾತೂ ಹೋಗಿಲ್ಲ. ಅವನ ಮನಸ್ಸಿನಲ್ಲಿ ತಾನಿದ್ದೇನೋ ಇಲ್ಲವೋ ಅವಳಿಗೆ ತಿಳಿಯದು. ಇನ್ನು ಮನೆಯೊಳಗೇ ಇಂಟರ್ನೆಟ್ ಬಂದರೆ ನಲವತ್ತನಾಲ್ಕರ ಹೆಂಗಸು ಯಾವ ನೆಪ ಹೇಳಿ ಗುಡ್ಡ ಹತ್ತುವುದು? ಊರ ಬಾಯಿಗೆ ಹೊಲಿಗೆ ಹಾಕುವ ಸೂಜಿ ಅವಳ ಬಳಿಯೂ ಇರಲಿಲ್ಲ.

"ಈಗಲೂ ನಮ್ಮ ತಲೆ ಮೇಲೆ ಹೋಗ್ತಾನೇ ಇವೆ, ಒಂದರ ಹಿಂದೆ ಒಂದು. ಹಗಲಲ್ಲಿ ಕಾಣಲ್ಲ ಅಷ್ಟೆ" ಎಂದ ಡಿಶ್ಶಿನವನು, ಉಪಗ್ರಹಗಳೆಂದರೆ ತನ್ನ ಮನೆಯ ಕುರಿಗಳೆಂಬಂತೆ. ಅವಳು ತಲೆಯೆತ್ತಿದಳು. ಇಳಿಬಿಸಿಲಿನ ಆಕಾಶ ಖಾಲಿಯಿತ್ತು. ಅಷ್ಟು ಮೇಲಿನಿಂದ ಅವಕ್ಕೆ ಆ ಬಂಡೆ ಕಾಣುತ್ತಿರಬಹುದು, ಒಂದಕ್ಕೊಂದು ತಿರುಗಿದ ಎರಡು ಬೆನ್ನುಗಳೂ ಕಾಣುತ್ತಿರಬಹುದು ಅನಿಸಿತು. ಆ ಖಾಲಿಯಲ್ಲಿ ಸ್ವಲ್ಪ ಹೊತ್ತು ತೇಲುತ್ತಾ ನಿಂತಳು. ಆಮೇಲೆ ಬಾಯಿಂದ ಪಿನ್ನು ತೆಗೆದಳು.

"ಅಣ್ಣಾ, ಕೆಂಪು ಬಂತು ಅಂತ ಬರ್ಕೊಳ್ಳಿ. ಅಗೋ, ಆ ಮರ ಅಡ್ಡ ಇದೆ."

"ಯಾವ್ದು, ಅದಾ? ಅದು ನನ್ನ ಸೊಂಟಕ್ಕೂ ಬರಲ್ಲವಲ್ಲ!"

"ಬೆಳೆಯುತ್ತೆ ಬಿಡಿ."

ಅವನು ಫೋನು ಕೆಳಗಿಳಿಸಿ ಅವಳನ್ನೇ ನೋಡಿದ. "ಈ ಗುಡ್ಡದ ಜನಕ್ಕೆ ಏನಾಗಿದೆ ಅಕ್ಕಾ? ಹೋದ ತಿಂಗಳು ಆಚೆ ಕಡೆ ಜೇನಿನವರ ಮನೆಗೂ ಹೋಗಿದ್ದೆ. ಬೋಳು ಗುಡ್ಡೆ ಮೇಲೆ ಒಂಟಿ ಮನೆ, ನಿಲ್ಲೋಕೆ ನೆರಳಿಲ್ಲ. ಅವರೂ ಹೀಗೇ, ಮರ ಅಡ್ಡ ಇದೆ ಅಂತ ಬರೀರಿ ಅಂತ ಕೈ ಮುಗಿದುಬಿಟ್ರು. ಯಾಕ್ರೀ ಅಂದ್ರೆ, ಸಂಜೆ ಐದಕ್ಕೆ ನಾನು ಗುಡ್ಡ ಹತ್ತಲೇಬೇಕು ಅಂದ್ರು."

ಅವಳು ಏಣಿಯ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಬರೆದ್ರಾ?"

"ಬರೆಯದೆ ಏನ್ಮಾಡ್ಲಿ? ಮರ ಎಷ್ಟೆತ್ತರ ಅಂತ ಬೇರೆ ಫಾರಮ್ಮಲ್ಲಿ ಕೇಳ್ತಾರೆ. ಅದನ್ನೂ ಅವರೇ ಹೇಳಿದ್ರು, ನಲವತ್ತು ಅಡಿ."

ನಗು ಬಂತೋ ಅಳು ಬಂತೋ, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇಲ್ಲದ ಮರವೊಂದನ್ನು ಆ ಮನುಷ್ಯ ಒಬ್ಬನೇ ನಲವತ್ತು ಅಡಿ ಬೆಳೆಸಿದ್ದ. ಮಂಡಿಯ ನೋವನ್ನೇ ಮರೆತು ಸರಸರನೆ ಏಣಿ ಇಳಿದಳು.

"ಹಾಕಿಸಪ್ಪಾ ತಮ್ಮಾ, ನಿನ್ನ ಪೀಠ ಎಷ್ಟು ಚೆನ್ನಾಗಿದೆ!" ಎಂದು ಅವನ ತಲೆ ಸವರಿ, ಚಪ್ಪಲಿ ಮೆಟ್ಟಿ ಗೇಟಿನತ್ತ ನಡೆದಳು. ಐದಾಗಲು ಇನ್ನೂ ಕಾಲು ಗಂಟೆಯಿತ್ತು.

ಮಿಷನ್ನಿನ ಮೇಲೆ ಅವಳ ಫೋನು ಇದ್ದುದನ್ನು ನೋಡಿ ತಮ್ಮ ಕೂಗಿದ, "ಅಕ್ಕಾ, ಫೋನು ಮರೆತುಬಿಟ್ಟೆ!"

"ಮರೆತಿಲ್ಲ" ಎಂದಳು ಅಕ್ಕ.