ದೊಡ್ಡಮನೆಯ ಮುಂಬಾಗಿಲು

ಮೊಮ್ಮಗಳು ಶೀನಾ ದೊಡ್ಡಮನೆಯ ಮುಂಬಾಗಿಲಿನ ಗಂಟೆಗೆ ಕೈಹಾಕಿದಾಗ ಪೆಗಿ ಅಜ್ಜಿಯ ಜೀವ ಬಾಯಿಗೆ ಬಂತು. ದ್ವೀಪದ ಒಡೆಯರ ಮಕ್ಕಳು ಕೆಸರು ಬೂಟಿನಲ್ಲಿ ಹತ್ತಿಹೋದ ಈ ಮೆಟ್ಟಿಲುಗಳನ್ನು ಪ್ರಾಯವಿಡೀ ತಿಕ್ಕಿ ತೊಳೆದವಳು ಅವಳು. ಕೆಲಸದವರಿಗೆ ಅಡುಗೆಮನೆಯ ಬಾಗಿಲೇ ಗತಿಯಾಗಿತ್ತು.

"ಬೇಡ ಕಣೇ, ಹಿಂದ್ಗಡೆಯಿಂದ ಹೋಗೋಣ."

"ಸುಮ್ನಿರಜ್ಜಿ! ಒಡೆಯರ ಕಾಲ ಮುಗೀತು. ದ್ವೀಪದೋರೆಲ್ಲ ಸೇರಿ ಕೊಂಡ್ಕೊಂಡಾಯ್ತು, ಈಗ ಮನೆ ನಮ್ದೇ," ಎಂದು ಶೀನಾ ಗಂಟೆ ಬಾರಿಸಿಯೇಬಿಟ್ಟಳು.

ಒಳಗಿನಿಂದ ಯಾರೋ ಬಾಗಿಲನ್ನು ಎಳೆದರು, ಗುದ್ದಿದರು. ಅದು ನರಳಿತು, ಅಲ್ಲಾಡಲಿಲ್ಲ. ಬಂದವರಿಗೆ ಮನೆ ತೋರಿಸುವ ಲಾಕ್ಲನ್ ಕಾಗದ ಹಾಕುವ ಕಿಂಡಿಗೆ ಬಾಯಿಟ್ಟು ಕೂಗಿದ: "ಉಪ್ಪುಗಾಳಿಗೆ ಊದ್ಕೊಂಡು ಕೂತಿದೆ ಕಣಮ್ಮ ಇದು! ಯಾರೇ ಬಂದ್ರೂ ಅಡುಗೆಮನೆ ಕಡೆಯಿಂದ್ಲೇ ಬರ್ಬೇಕು!"

ಅಜ್ಜಿಗೆ ಹೋದ ಜೀವ ಬಂದಂತಾಯಿತು. ಶೀನಾಳ ಪೆಚ್ಚುಮೋರೆಗೆ ನಗುತ್ತಲೇ ಮನೆಯನ್ನು ಸುತ್ತಿ ಬಂದು, ಅಡುಗೆಮನೆಯ ಚಿಲಕ ತೆಗೆದು ಒಳಗೆ ಕಾಲಿಟ್ಟಳು. ಬೆನ್ನ ಹಿಂದೆ ಯಾರೋ ಕೆಮ್ಮಿದರು. ಬೆಳಗಿನ ಹಡಗಿಗೆ ಬಂದಿಳಿದಿದ್ದ ಒಡೆಯರ ಮಗ! ತಲೆ ಪೂರಾ ನರೆತಿದೆ. ಟೋಪಿಯನ್ನು ಕೈಯಲ್ಲಿ ಹಿಡಿದು, ಒಳಗೆ ಬರಬಹುದೋ ಬಾರದೋ ತಿಳಿಯದೆ ಹೊಸ್ತಿಲಾಚೆ ನಿಂತಿದ್ದಾನೆ.

ಅಜ್ಜಿ ಅವನ ಕಾಲು ನೋಡಿದಳು.

"ಬಾಪ್ಪ, ಒಳಗೆ ಬಾ," ಎಂದಳು. "ಬೂಟು ಒರೆಸ್ಕೊಂಡು ಬಾ."